ಹಿಂಡಿಯ ದುಡ್ಡು ಯಾರ ಲೆಕ್ಕಕ್ಕೆ?

ಗಾಣ ಹಾಕುವ ಮುಂಚೆ ನಾವು ಬ್ಯಾಂಕಿಗೆ ಕೊಟ್ಟ ಪ್ರಾಜೆಕ್ಟ್ ರಿಪೋರ್ಟಿನಲ್ಲಿ 28 ಪುಟಗಳಿದ್ದವು. ಯಂತ್ರದ ಕೊಟೇಶನ್ನು, ಐದು ವರ್ಷದ ಲಾಭದ ಅಂದಾಜು, ಕಂತಿನ ಪಟ್ಟಿ ಎಲ್ಲ ಇತ್ತು. ಹತ್ತೊಂಬತ್ತನೇ ಪುಟದಲ್ಲಿ ‘ಸಂಘಟನೆ ಮತ್ತು ಆಡಳಿತ’ ಅಂತ ತಲೆಬರಹ, ಅದರ ಕೆಳಗೆ ಆರೇ ಸಾಲು. ಎರಡು ವರ್ಷದ ಮೇಲೆ, ಜಗಳದ ನಡುವೆ ಫೈಲು ತೆಗೆದು ಮೊದಲ ಸಲ ಆ ಆರು ಸಾಲು ಓದಿದೆ. ‘ಒಬ್ಬ ಅನುಭವಿ ಬೇಕರಿ ಮಾಸ್ಟರ್ ಮತ್ತು ಇಬ್ಬರು ಸಹಾಯಕರನ್ನು ನೇಮಿಸಿಕೊಳ್ಳಲಾಗುವುದು’ ಎಂದಿತ್ತು. ಟೈಪ್ ಮಾಡಿದವರು ಯಾವುದೋ ಬೇಕರಿಯ ರಿಪೋರ್ಟಿನಿಂದ ಎತ್ತಿ ಹಾಕಿದ್ದರು. ಎಣ್ಣೆ ಗಾಣಕ್ಕೆ ಬೇಕರಿ ಮಾಸ್ಟರ್ ಯಾಕಪ್ಪ ಅಂತ ಸಾಲ ಕೊಟ್ಟವರು ಕೇಳಲಿಲ್ಲ. ಪ್ರತಿ ಪುಟಕ್ಕೂ ಸಹಿ ಹಾಕಿದ ನಾವು ಮೂವರು ಓದಲಿಲ್ಲ.

ಮೂವರೆಂದರೆ ನಾನು, ನನ್ನ ಅಕ್ಕನ ಗಂಡ, ಮತ್ತು ಕಾಲೇಜಿನ ಒಬ್ಬ ಗೆಳೆಯ. ಚಳ್ಳಕೆರೆ ಮಾರುಕಟ್ಟೆಯಿಂದ ಕಡಲೆಬೀಜ ತರುವುದು, ತುಮಕೂರಿನಲ್ಲಿ ಮರದ ಗಾಣದಲ್ಲಿ ಎಣ್ಣೆ ತೆಗೆದು ಮಾರುವುದು, ಇಷ್ಟೇ ನಮ್ಮ ಯೋಜನೆ. ಎಣ್ಣೆ ಚೆನ್ನಾಗಿ ಬಂತು, ಗಿರಾಕಿಗಳೂ ಬಂದರು. ಆದರೂ ಮೂರನೇ ವರ್ಷಕ್ಕೆ ನಾವು ಮೂವರೂ ಬೇರೆ ಬೇರೆ ದಾರಿ ಹಿಡಿದಿದ್ದೆವು. ಹೊಸದಾಗಿ ಸಣ್ಣ ಉದ್ದಿಮೆಗೆ ಕೈಹಾಕುವವರು ನನ್ನ ಹತ್ತಿರ ಬಂದರೆ ಯಂತ್ರದ ಬೆಲೆ, ಸಬ್ಸಿಡಿಯ ಮಾತು ಆಮೇಲೆ. ಮೊದಲು ಕೇಳುವುದು ಆ ಹತ್ತೊಂಬತ್ತನೇ ಪುಟದಲ್ಲಿ ಏನು ಬರೆದಿದ್ದೀರಿ ಅಂತ.

ಒಂದು ದಿನವನ್ನು ನಡೆದು ನೋಡಿ

ನಾವು ಮೊದಲು ಮಾಡಿಸಿದ್ದು ವಿಸಿಟಿಂಗ್ ಕಾರ್ಡು. ಮೂವರದ್ದರಲ್ಲೂ ‘ಮ್ಯಾನೇಜಿಂಗ್ ಪಾರ್ಟ್‌ನರ್’. ಹುದ್ದೆ ಹಂಚಿಕೊಂಡೆವು, ಕೆಲಸ ಹಂಚಿಕೊಳ್ಳಲಿಲ್ಲ.

ಮಾಡಬೇಕಾದ್ದು ಹೀಗೆ. ಅಂಗಡಿ ಬಾಗಿಲು ತೆಗೆಯುವ ಹೊತ್ತಿನಿಂದ ಹಾಕುವ ಹೊತ್ತಿನವರೆಗೆ ಏನೇನು ನಡೆಯುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಸುಮ್ಮನೆ ಬರೆಯುತ್ತ ಹೋಗಿ. ನಮ್ಮ ಗಾಣದ್ದೇ ಹೇಳುತ್ತೇನೆ. ಬೀಜ ಕೊಳ್ಳುವುದು, ತೇವ ಇದೆಯಾ ಎಂದು ಹಲ್ಲಿಗೆ ಕಚ್ಚಿ ನೋಡುವುದು, ಬಿಸಿಲಿಗೆ ಹಾಕುವುದು, ಬೂಷ್ಟು ಹಿಡಿದದ್ದನ್ನು, ಕಪ್ಪಾದದ್ದನ್ನು ಆರಿಸಿ ತೆಗೆಯುವುದು. ಒಂದು ಸಲಕ್ಕೆ ಹದಿನೈದು ಕೆಜಿಯಂತೆ ಗಾಣಕ್ಕೆ ಹಾಕುವುದು. ಬಂದ ಎಣ್ಣೆ ತಿಳಿಯಾಗಲು ಎರಡು ಮೂರು ದಿನ ಬಿಡುವುದು, ಬಾಟಲಿ ತುಂಬಿ ತೂಕ, ತಾರೀಖು, ಬೆಲೆಯ ಚೀಟಿ ಅಂಟಿಸುವುದು. ಅಂಗಡಿಯಲ್ಲಿ ಮಾರುವುದು, ವಾಟ್ಸ್‌ಆ್ಯಪ್ ಆರ್ಡರಿಗೆ ಉತ್ತರ ಕೊಡುವುದು, ಮನೆ ಮನೆಗೆ ಮುಟ್ಟಿಸುವುದು, ಉದ್ರಿ ವಸೂಲಿ. ಗಾಣ ತೊಳೆಯುವುದು, ಬೇರಿಂಗಿಗೆ ಗ್ರೀಸು, ಕರೆಂಟ್ ಬಿಲ್ಲು. ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಕಾನೂನು ಮಾಪನ ಇಲಾಖೆಯ ಮುದ್ರೆ, ಎಫ್‌ಎಸ್‌ಎಸ್‌ಎಐ, ಜಿಎಸ್‌ಟಿ ರಿಟರ್ನ್.

ಬರೆದರೆ ಸುಲಭವಾಗಿ ಮೂವತ್ತು ಸಾಲು ದಾಟುತ್ತದೆ. ಆಮೇಲೆ ಪ್ರತಿ ಸಾಲಿನ ಮುಂದೆ ಒಂದು ಹೆಸರು ಬರೆಯಿರಿ. ಒಂದೇ ಹೆಸರು. ಕೆಲಸವನ್ನು ಅವರೇ ಕೈಯಾರೆ ಮಾಡಬೇಕೆಂದಿಲ್ಲ, ಆದರೆ ಆಗದೇ ಹೋದರೆ ಉತ್ತರ ಕೊಡಬೇಕಾದವರು ಅವರು. ‘ಇಬ್ಬರೂ ನೋಡ್ಕೋತೀವಿ’ ಅಂದ ಸಾಲಿಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಿ, ಆರು ತಿಂಗಳೊಳಗೆ ಜಗಳ ಹುಟ್ಟುವುದು ಅಲ್ಲೇ. ನಮ್ಮಲ್ಲಿ ಜಿಎಸ್‌ಟಿ ರಿಟರ್ನ್ ಅಂಥದ್ದು. ಗೆಳೆಯ ಹಾಕುತ್ತಾನೆ ಅಂತ ನಾನು, ನಾನು ಹಾಕುತ್ತೇನೆ ಅಂತ ಅವನು. ವ್ಯಾಪಾರವೇ ಇಲ್ಲದ ತಿಂಗಳಿನ ಶೂನ್ಯ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ, ವ್ಯಾಪಾರ ನಡೆದಿದ್ದರೆ 50 ರೂಪಾಯಿ ತಡಶುಲ್ಕ ಎಂಬ ಪಾಠಕ್ಕೆ ನಾವು ಕೊಟ್ಟ ಫೀಸು ಸಾಕಷ್ಟಾಯಿತು.

ಪಟ್ಟಿ ಮಾಡುವಾಗ ಮನೆಯ ಹೆಂಗಸರ ಕೆಲಸ ಬಿಟ್ಟುಹೋಗುತ್ತದೆ, ಅದನ್ನು ಹುಡುಕಿ ಬರೆಯಿರಿ. ಬೀಜ ಒಣಗಿಸಿ ಆರಿಸುತ್ತಿದ್ದವಳು ನಮ್ಮ ಅಕ್ಕ. ದಿನಕ್ಕೆ ಮೂರು ಗಂಟೆ ಮಹಡಿ ಮೇಲೆ ಬಿಸಿಲಲ್ಲಿ ಕೂತಿರುತ್ತಿದ್ದಳು. ಅವಳ ಹೆಸರು ಪ್ರಾಜೆಕ್ಟ್ ರಿಪೋರ್ಟಿನಲ್ಲಿಲ್ಲ, ಪಾಲುಪತ್ರದಲ್ಲಿಲ್ಲ, ಸಂಬಳದ ಪುಸ್ತಕದಲ್ಲೂ ಇಲ್ಲ. ಅವಳು ಮಗಳ ಬಾಣಂತನಕ್ಕೆ ಎರಡು ತಿಂಗಳು ಹೋದಾಗಲೇ ಎಣ್ಣೆಗೆ ಕಮಟು ವಾಸನೆ ಅಂತ ಮೊದಲ ದೂರು ಬಂದದ್ದು.

ಬಿಡಪ್ಪ, ಹಿಂಡಿ ತಾನೆ

ಎರಡೂವರೆ ಕೆಜಿ ಕಡಲೆಬೀಜಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಎಣ್ಣೆ. ದಿನಕ್ಕೆ 60 ಕೆಜಿ ಅರೆದರೆ 24 ಲೀಟರ್. ಉಳಿದದ್ದು 36 ಕೆಜಿಯ ಆಸುಪಾಸು ಹಿಂಡಿ. ಹಸು ಸಾಕಿದವರು ಸಂಜೆ ಬಂದು ಚೀಲದಲ್ಲಿ ತುಂಬಿಸಿಕೊಂಡು ಹೋಗುತ್ತಿದ್ದರು, ಆಗ ಕೆಜಿಗೆ 40 ರೂಪಾಯಿ. ದುಡ್ಡು ಇಸಿದುಕೊಳ್ಳುತ್ತಿದ್ದವರು ಭಾವ.

ಒಂದು ಸಂಜೆ ಲೆಕ್ಕ ಬರೆಯುತ್ತ ಕೇಳಿದೆ, “ಭಾವ, ಹಿಂಡಿ ದುಡ್ಡು ಎಲ್ಲಿ ಬರೀಲಿ?”

“ಅಯ್ಯೋ, ಅದನ್ನೇನು ಬರೆಯೋದು ಬಿಡಪ್ಪ, ಹಿಂಡಿ ತಾನೆ. ಚಹಾಕ್ಕೆ, ಪೆಟ್ರೋಲಿಗೆ ಆಗುತ್ತೆ.”

ಭಾವ ಸುಳ್ಳು ಹೇಳುವವರಲ್ಲ. ಅವರಿಗೆ ಅದು ನಿಜವಾಗಿಯೂ ಚಿಲ್ಲರೆಯೇ. ಆದರೆ ಕೂಡಿಸಿ ನೋಡಿ: ದಿನಕ್ಕೆ 1,440 ರೂಪಾಯಿ, ತಿಂಗಳಿಗೆ 25 ದಿನವೆಂದರೆ 36,000. ನಮ್ಮ ಅಂಗಡಿಯ ಬಾಡಿಗೆ ಅದರ ಅರ್ಧದಷ್ಟೂ ಇರಲಿಲ್ಲ. ಅದು ಖರ್ಚಾದದ್ದು ಬೀಜದ ಲೋಡಿಂಗಿಗೆ, ಹಮಾಲಿಗೆ, ಒಮ್ಮೆ ಮೋಟಾರು ಸುಟ್ಟಾಗ ರಿಪೇರಿಗೆ. ಭಾವನ ಜೇಬಿಗೆ ಹೋಗಿದ್ದು ಕಡಿಮೆಯೇ ಎಂದು ಈಗ ನನಗೆ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬಂದು ಪುಸ್ತಕ ನೋಡುತ್ತಿದ್ದ ಗೆಳೆಯನಿಗಂತೂ ಅನ್ನಿಸುವ ಸಾಧ್ಯತೆಯೇ ಇರಲಿಲ್ಲ, ಏಕೆಂದರೆ ಪುಸ್ತಕದಲ್ಲಿ ಹಿಂಡಿ ಎಂಬ ಪದವೇ ಇರಲಿಲ್ಲ.

ಪ್ರತಿ ವ್ಯಾಪಾರಕ್ಕೂ ಒಂದು ಹಿಂಡಿ ಇರುತ್ತದೆ. ಹೋಟೆಲಿಗೆ ಖಾಲಿ ಎಣ್ಣೆ ಡಬ್ಬ, ಟೈಲರಿಗೆ ಚೂರು ಬಟ್ಟೆ, ಪ್ರಿಂಟಿಂಗ್ ಪ್ರೆಸ್ಸಿಗೆ ರದ್ದಿ ಕಾಗದ, ಮರಗೆಲಸದವರಿಗೆ ಹೊಟ್ಟು. ಮುಖ್ಯ ಮಾಲಿನ ಲೆಕ್ಕ ಎಲ್ಲರೂ ಇಡುತ್ತಾರೆ. ನಿಮ್ಮ ಹಿಂಡಿ ಯಾವುದು ಎಂದು ಮೊದಲ ದಿನವೇ ಗುರುತಿಸಿ, ಅದಕ್ಕೊಂದು ಪುಟ, ಒಂದು ಹೆಸರು ಕೊಡಿ.

ದರ್ಶಿನಿಯ ಚೀಟಿ

ಸಣ್ಣ ಸಂಸ್ಥೆಯ ಕಟ್ಟೋಣ ಹೇಗಿರಬೇಕು ಎಂದು ಕಲಿಯಲು ಮ್ಯಾನೇಜ್‌ಮೆಂಟ್ ಪುಸ್ತಕ ಬೇಡ, ಯಾವುದಾದರೂ ದರ್ಶಿನಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು. ದುಡ್ಡು ತೆಗೆದುಕೊಳ್ಳುವವರು ಇಡ್ಲಿ ಕೊಡುವುದಿಲ್ಲ. ಇಡ್ಲಿ ಕೊಡುವವರು ದುಡ್ಡು ಮುಟ್ಟುವುದಿಲ್ಲ. ನಡುವೆ ಓಡಾಡುವುದು ಒಂದು ಚೀಟಿ. ರಾತ್ರಿ ಗಲ್ಲಾದ ಮೊತ್ತ, ಚೀಟಿಗಳು, ಒಳಗೆ ಖರ್ಚಾದ ಹಿಟ್ಟು ಮೂರನ್ನೂ ಪಕ್ಕದಲ್ಲಿಟ್ಟರೆ ಯಾರನ್ನೂ ಅನುಮಾನಿಸದೆ ಲೆಕ್ಕ ತಾಳೆ ನೋಡಬಹುದು. ಹಳೆಯ ಉಡುಪಿ ಹೋಟೆಲುಗಳಲ್ಲೂ ಗಲ್ಲಾ ಬೇರೆ, ಉಗ್ರಾಣ ಬೇರೆ, ಅಡುಗೆಮನೆ ಬೇರೆ; ಉಗ್ರಾಣದ ಬೀಗದ ಕೈ ಅಡುಗೆಯವರ ಹತ್ತಿರ ಇರುತ್ತಿರಲಿಲ್ಲ.

ಇಬ್ಬರೇ ಇರುವ ಅಂಗಡಿಯಲ್ಲೂ ಇದು ಸಾಧ್ಯ. ಗಾಣ ನಡೆಸುವವರು ಸಂಜೆ ಬಾಟಲಿ ಎಣಿಸಲಿ, ಅಂಗಡಿಯಲ್ಲಿ ಕೂತವರು ದುಡ್ಡು ಎಣಿಸಲಿ, ಎರಡೂ ಒಂದೇ ಪುಸ್ತಕದ ಒಂದೇ ಸಾಲಿಗೆ ಬರಲಿ. ಶನಿವಾರ ಆ ವಾರ ಅರೆದ ಬೀಜದ ತೂಕವನ್ನು ಎರಡೂವರೆಯಿಂದ ಭಾಗಿಸಿ. ಅದಕ್ಕೂ ಬಂದ ಎಣ್ಣೆಗೂ ಬಹಳ ಅಂತರವಿದ್ದರೆ ಬೀಜ ಕೆಟ್ಟಿದೆ, ಗಾಣ ಕೆಟ್ಟಿದೆ, ಇಲ್ಲವೇ ಲೆಕ್ಕ ಕೆಟ್ಟಿದೆ. ಮೂರರಲ್ಲಿ ಯಾವುದು ಎಂದು ವಾರದೊಳಗೆ ಹುಡುಕುವುದಕ್ಕೂ ವರ್ಷದ ಕೊನೆಗೆ ಹುಡುಕುವುದಕ್ಕೂ ಬಹಳ ವ್ಯತ್ಯಾಸವಿದೆ.

ನಮೂನೆಯ ಪಾಲುಪತ್ರ

ತಾಯಿ ಮಗಳಾದರೂ ಬಾಯಿ ಹೊಟ್ಟೆ ಬೇರೆ ಅಂತ ನಮ್ಮ ಕಡೆ ಹೇಳುತ್ತಾರೆ. ಪಾಲುಪತ್ರ ಬರೆಸುವ ದಿನ ಮಾತ್ರ ಆ ಗಾದೆ ಯಾರ ಬಾಯಿಗೂ ಬರುವುದಿಲ್ಲ. ನಾವು ನೂರಾರು ಜನ ಬಳಸಿದ ಎರಡು ಪುಟದ ಸಿದ್ಧ ನಮೂನೆಯಲ್ಲಿ ಹೆಸರು ತುಂಬಿಸಿದೆವು. ಗೆಳೆಯ ಹಾಕಿದ್ದು 6 ಲಕ್ಷ, ಭಾವ 4, ನಾನು 2. ದಿನವಿಡೀ ಅಂಗಡಿಯಲ್ಲಿ ಇರುತ್ತಿದ್ದವರು ನಾನು, ಭಾವ. ನಮೂನೆಯಲ್ಲಿ ‘ಲಾಭ ಸಮಪಾಲು’ ಎಂದಿತ್ತು, ದುಡಿಯುವವರ ಸಂಬಳದ ಮಾತೇ ಇರಲಿಲ್ಲ. ದುಡ್ಡು ಹಾಕಿದವನಿಗೂ ಮೋಸ ಅನ್ನಿಸಿತು, ಬೆವರು ಹಾಕಿದವರಿಗೂ ಮೋಸ ಅನ್ನಿಸಿತು.

1932ರ ಪಾಲುದಾರಿಕೆ ಕಾಯ್ದೆಯನ್ನು ಒಮ್ಮೆ ಓದಿಸಿಕೊಂಡಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ನೀವು ಬೇರೆ ಥರ ಬರೆದುಕೊಳ್ಳದಿದ್ದರೆ ಯಾರು ಎಷ್ಟೇ ಬಂಡವಾಳ ಹಾಕಿರಲಿ ಲಾಭನಷ್ಟ ಸಮಪಾಲು. ಬರೆದುಕೊಳ್ಳದಿದ್ದರೆ ಎಷ್ಟೇ ದುಡಿದರೂ ಪಾಲುದಾರನಿಗೆ ಸಂಬಳವಿಲ್ಲ. ಒಬ್ಬ ಪಾಲುದಾರ ಸಂಸ್ಥೆಯ ವ್ಯವಹಾರಕ್ಕೆಂದು ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ, ಅಂಗಡಿಯ ಆಸ್ತಿ ಸಾಲದಿದ್ದರೆ ಮನೆಯ ಆಸ್ತಿಯೂ ಹೊಣೆಗೆ ಬರುತ್ತದೆ. ಪತ್ರದಲ್ಲಿ ಬೇರೆ ಏರ್ಪಾಡಿಲ್ಲದಿದ್ದರೆ ಒಬ್ಬರು ತೀರಿಕೊಂಡ ದಿನ ಸಂಸ್ಥೆಯೇ ವಿಸರ್ಜನೆ. ನೋಂದಣಿ ಕಡ್ಡಾಯವಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜವೂ ಹೌದು. ಆದರೆ ನೋಂದಣಿಯಾಗದ ಸಂಸ್ಥೆ ಒಪ್ಪಂದದಂತೆ ಬರಬೇಕಾದ ಬಾಕಿಗೆ ಗಿರಾಕಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬುದನ್ನು ಜೊತೆಗೆ ಹೇಳುವವರು ಕಡಿಮೆ.

ಆದ್ದರಿಂದ ಪತ್ರದಲ್ಲಿ ಇವು ಬರಲಿ: ಯಾರ ಬಂಡವಾಳ ಎಷ್ಟು, ಅದಕ್ಕೆ ಬಡ್ಡಿ ಎಷ್ಟು, ದುಡಿಯುವ ಪಾಲುದಾರನಿಗೆ ತಿಂಗಳ ಸಂಬಳ ಎಷ್ಟು, ಇವೆರಡೂ ಕಳೆದ ಮೇಲೆ ಉಳಿದ ಲಾಭದ ಹಂಚಿಕೆ ಹೇಗೆ. ಇದರಲ್ಲಿ ತೆರಿಗೆಯ ವಿಷಯವೂ ಇದೆ. ಪತ್ರದಲ್ಲಿ ಬರೆದಿದ್ದರೆ ಮಾತ್ರ ಪಾಲುದಾರರ ಸಂಬಳ ಮತ್ತು ವರ್ಷಕ್ಕೆ ಶೇ 12ರವರೆಗಿನ ಬಡ್ಡಿಯನ್ನು ಮಿತಿಗೊಳಪಟ್ಟು ಸಂಸ್ಥೆಯ ಖರ್ಚೆಂದು ತೋರಿಸಬಹುದು. 2025ರ ಏಪ್ರಿಲ್‌ನಿಂದ ಇಂಥ ಪಾವತಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ ಹಿಡಿಯಬೇಕು. ಆಡಿಟರ್ ಹತ್ತಿರ ಹೋಗುವುದಿದ್ದರೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಹೋಗಿ.

ಒಬ್ಬರೇ ಮಾಡುವ ವ್ಯಾಪಾರವಾದರೆ ಪ್ರೊಪ್ರೈಟರ್ ಆಗಿ ಶುರುಮಾಡುವುದೇ ಸರಿ. ನಿಮ್ಮ ಪ್ಯಾನ್ ಕಾರ್ಡೇ ಅಂಗಡಿಯ ಪ್ಯಾನ್, ನಿಮ್ಮ ಸಾಲವೇ ಅಂಗಡಿಯ ಸಾಲ. ಮನೆ ಆಸ್ತಿ ಉಳಿಯಲಿ ಅನ್ನುವವರಿಗೆ ಎಲ್‌ಎಲ್‌ಪಿ, ಪ್ರೈವೇಟ್ ಲಿಮಿಟೆಡ್ ಇವೆ. ಆದರೆ ವ್ಯಾಪಾರ ನಡೆಯಲಿ ಬಿಡಲಿ, ವರ್ಷವರ್ಷ ಫಾರಂ ಸಲ್ಲಿಸುತ್ತಲೇ ಇರಬೇಕು, ಬ್ಯಾಂಕು ಸಾಲ ಕೊಡುವಾಗ ವೈಯಕ್ತಿಕ ಜಾಮೀನು ಕೇಳುವುದೂ ಉಂಟು. ಹತ್ತು ಲಕ್ಷದ ಗಾಣಕ್ಕೆ ಕಂಪನಿ ಕಟ್ಟುವುದು ನನ್ನ ಮಟ್ಟಿಗೆ ಬೈಕಿಗೆ ಸ್ಟೆಪ್ನಿ ಕಟ್ಟಿದ ಹಾಗೆ.

ಯಾರ ಕೈಯಲ್ಲಿ ಎಷ್ಟು

ಖರ್ಚಿನ ಅಧಿಕಾರಕ್ಕೆ ಅಂಕಿ ಇಡಿ. ನಾವು ತಡವಾಗಿ ಇಟ್ಟುಕೊಂಡ ಕಟ್ಟಳೆ ಇದು: 2,000 ರೂಪಾಯಿವರೆಗೆ ಅಂಗಡಿಯಲ್ಲಿ ಇದ್ದವರು ಯಾರನ್ನೂ ಕೇಳಬೇಕಿಲ್ಲ. 25,000ದವರೆಗೆ ಇನ್ನೊಬ್ಬರಿಗೆ ಫೋನ್ ಮಾಡಿ, ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹಾಕಬೇಕು. ಅದರ ಮೇಲಿನದಕ್ಕೆ ಮೂವರ ಒಪ್ಪಿಗೆ. ಬೀಜದ ಖರೀದಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಮಾರುಕಟ್ಟೆಯಲ್ಲಿ ಟೆಂಡರ್ ನಡೆಯುವಾಗ ಫೋನ್ ಮಾಡುತ್ತ ಕೂತರೆ ಒಳ್ಳೆ ಮಾಲು ಬೇರೆಯವರ ಲಾರಿ ಹತ್ತಿರುತ್ತದೆ. ಅದಕ್ಕೆ ಕ್ವಿಂಟಾಲಿಗೆ ಇಷ್ಟರವರೆಗೆ ಎಂದು ವಾರದ ಮಿತಿ ಹಾಕಿ ಭಾವನಿಗೇ ಬಿಟ್ಟೆವು. ಗುಣ ನೋಡುವುದರಲ್ಲಿ ಅವರ ಹಲ್ಲಿಗೆ ಸಮ ಯಾವ ತೇವಮಾಪಕವೂ ಇಲ್ಲ.

ಅಂಗಡಿಯ ಕ್ಯೂಆರ್ ಕೋಡ್ ಸಂಸ್ಥೆಯ ಕರೆಂಟ್ ಅಕೌಂಟಿನದ್ದೇ ಆಗಿರಲಿ, ಯಾರದೋ ಸ್ವಂತ ನಂಬರಿನದ್ದು ಬೇಡ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ನೋಟಿಸ್ ಕೊಡತೊಡಗಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬರೆದು ಅಂಟಿಸಿದವು. ವ್ಯಾಪಾರದ ದುಡ್ಡು, ಚೀಟಿ ದುಡ್ಡು, ನೆಂಟರು ಕೊಟ್ಟ ಕೈಸಾಲ ಎಲ್ಲ ಒಂದೇ ಖಾತೆಯಲ್ಲಿ ಬೆರೆತವರಿಗೆ ಯಾವುದು ಯಾವುದೆಂದು ಬಿಡಿಸಿ ಹೇಳುವುದೇ ಕಷ್ಟ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಮೊತ್ತ ಎಲ್ಲಿಗೆ ಬಂತು ಎಂದು ತಿಂಗಳಿಗೊಮ್ಮೆ ನೋಡುವ ಹೆಸರೊಂದು ನಿಮ್ಮ ಪಟ್ಟಿಯಲ್ಲಿರಲಿ.

ಬಾಕಿ ವಸೂಲಿಗೂ ಒಂದು ಹೆಸರು. ಒಂದು ಸೂಪರ್ ಮಾರ್ಕೆಟ್ ನಮ್ಮ ಎಣ್ಣೆ ಇಳಿಸಿಕೊಂಡು ನಾಲ್ಕು ತಿಂಗಳು ದುಡ್ಡು ಕೊಡಲಿಲ್ಲ. ಉದ್ಯಮ್ ನೋಂದಣಿ ಇರುವ ಕಿರು, ಸಣ್ಣ ಉತ್ಪಾದಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಶುಲ್ಕ ಕೇಳುವ ತಾಣ ಸಿಕ್ಕರೆ ಅದು ಅಸಲಿ ಅಲ್ಲ. ನೋಂದಣಿ ನಮ್ಮಲ್ಲಿ ಇತ್ತು. ಅದನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸುವ ಕೆಲಸ ಮಾತ್ರ ಯಾರದ್ದೂ ಆಗಿರಲಿಲ್ಲ.

ಒಬ್ಬನಿಗೇ ಗೊತ್ತಿದ್ದ ಹದ

ನಮ್ಮ ಗಾಣದ ಹುಡುಗ ಊರ ಜಾತ್ರೆಗೆಂದು ಹೋದವನು ಒಂಬತ್ತು ದಿನ ಬರಲಿಲ್ಲ. ಬೀಜಕ್ಕೆ ಯಾವ ಹೊತ್ತಿಗೆ ಎಷ್ಟು ನೀರು ಚಿಮುಕಿಸಬೇಕು, ಹಿಂಡಿ ಕಟ್ಟುವ ಶಬ್ದ ಹೇಗಿರುತ್ತದೆ ಎಂದು ಅವನೊಬ್ಬನಿಗೇ ಗೊತ್ತು. ನಾನು ಪ್ರಯತ್ನಿಸಿದೆ. ಎಣ್ಣೆಯ ಬದಲು ರವೆಯಂಥದ್ದೇನೋ ಬಂತು. ಒಂಬತ್ತು ದಿನ ಗಾಣ ನಿಂತಿತು, ಅವನ ಮೇಲೆ ರೇಗಾಡಿದೆವು. ತಪ್ಪು ನಮ್ಮದು. ಯಾವ ಕೆಲಸವೂ ಒಬ್ಬರಿಗೇ ಗೊತ್ತಿರಬಾರದು. ವಾರಕ್ಕೊಂದು ದಿನ ಎರಡನೆಯವರು ಅದನ್ನು ಮಾಡಲಿ, ಮೊದಲನೆಯವರು ಪಕ್ಕದಲ್ಲಿ ನಿಂತಿರಲಿ. ಕಲಿಸಿದವರಿಗೆ ನಾಲ್ಕು ಕಾಸು ಹೆಚ್ಚು ಕೊಡಿ, ಇಲ್ಲವಾದರೆ ತನ್ನ ಜಾಗಕ್ಕೆ ಕುತ್ತೆಂದು ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ.

ಕೆಲಸಕ್ಕೆ ಸೇರಿಸಿಕೊಳ್ಳುವಾಗ ಸಂಬಳ, ವೇಳೆ, ವಾರದ ರಜೆ, ಯಾರ ಮಾತು ಕೇಳಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೂ ನೇಮಕಾತಿ ಪತ್ರ ಬೇಕೆನ್ನುತ್ತವೆ. ಹತ್ತು ಜನವಾದರೆ ಇಎಸ್‌ಐ, ಇಪ್ಪತ್ತಾದರೆ ಪಿಎಫ್. ಎಲ್ಲಕ್ಕಿಂತ ಮುಖ್ಯವಾದದ್ದು ‘ಯಾರ ಮಾತು’ ಎಂಬ ಸಾಲು. ಬಾಟಲಿ ಮೊದಲು ತುಂಬು ಅಂತ ನಾನು, ಗಾಣ ಮೊದಲು ತೊಳಿ ಅಂತ ಭಾವ. ಆ ಹುಡುಗ ಜಾತ್ರೆಯಿಂದ ಬೇಗ ಬರದಿದ್ದಕ್ಕೆ ಇದೂ ಒಂದು ಕಾರಣವಿದ್ದೀತು.

ಬಿಡುವ ದಾರಿ

ಶುರುಮಾಡುವ ದಿನವೇ ಬಿಟ್ಟುಹೋಗುವ ಮಾತಾಡುವುದು ಅಪಶಕುನ ಎನ್ನುವವರಿದ್ದಾರೆ. ಆದರೂ ಬರೆಯಿರಿ. ಹೊರಹೋಗುವವರು ಎಷ್ಟು ತಿಂಗಳು ಮೊದಲೇ ಹೇಳಬೇಕು, ಅವರ ಪಾಲಿನ ಬೆಲೆ ಕಟ್ಟುವುದು ಹೇಗೆ, ಎಷ್ಟು ಕಂತಿನಲ್ಲಿ ಕೊಡುವುದು, ಅಂಗಡಿಯ ಹೆಸರು ಮತ್ತು ಫೋನ್ ನಂಬರು ಯಾರಿಗೆ ಉಳಿಯುತ್ತದೆ. ಕೊನೆಯದು ಕ್ಷುಲ್ಲಕ ಅನ್ನಿಸಬಹುದು. ನಮ್ಮ ವಾಟ್ಸ್‌ಆ್ಯಪ್ ಗಿರಾಕಿಗಳೆಲ್ಲ ಇದ್ದದ್ದು ಗೆಳೆಯನ ಹೆಸರಿನ ಸಿಮ್‌ನಲ್ಲಿ. ಯಂತ್ರ ಹಂಚಿಕೊಳ್ಳಲು ನಮಗೆ ಒಂದು ದಿನ ಹಿಡಿಯಿತು, ಆ ನಂಬರಿಗೆ ಐದು ತಿಂಗಳು.

ಇದನ್ನೆಲ್ಲ ಒಬ್ಬರೇ ಕೂತು ಮಾಡಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ, ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಆರ್‌ಸೆಟಿ ಕೇಂದ್ರಗಳು ಊಟ ವಸತಿ ಸಮೇತ ಉಚಿತ ತರಬೇತಿ ಕೊಡುತ್ತವೆ. ಧಾರವಾಡದ ಸಿಡಾಕ್, ಜಿಲ್ಲಾ ಕೈಗಾರಿಕಾ ಕೇಂದ್ರಗಳೂ ಇವೆ. ಆಹಾರದ ಉದ್ದಿಮೆಯಾದರೆ 2020ರಲ್ಲಿ ಆರಂಭವಾದ ಪಿಎಂಎಫ್‌ಎಂಇ ಯೋಜನೆಯ ಬಗ್ಗೆ ಕೃಷಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಗೆ, ರಿಪೋರ್ಟಿಗೆ ನೆರವಾಗಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳೆಂದು ಇರುತ್ತಾರೆ. ರಿಪೋರ್ಟಿನ ಅಂಕಿಗಳನ್ನು ಅವರು ಬರೆಯಲಿ. ಆಡಳಿತದ ಪುಟವನ್ನು ನೀವೇ, ನಿಮ್ಮ ಕೈಬರಹದಲ್ಲಿ ಬರೆದು ಟೈಪಿಗೆ ಕೊಡಿ. ಟೈಪಾಗಿ ಬಂದ ಮೇಲೆ ಓದಿ.

ಗಾಣ ಈಗ ಭಾವನದ್ದು. ತಿಂಗಳಿಗೊಮ್ಮೆ ಎಣ್ಣೆಗೆಂದು ಹೋಗುತ್ತೇನೆ. ಬಾಗಿಲ ಪಕ್ಕದ ಗೋಡೆಗೆ ಕಪ್ಪು ಹಲಗೆ ಹಾಕಿದ್ದಾರೆ, ಅದರ ಮೇಲೆ ಸೀಮೆಸುಣ್ಣದಲ್ಲಿ ಕೆಲಸಗಳ ಪಟ್ಟಿ, ಎದುರಿಗೆ ಹೆಸರು. ಖರೀದಿ ಭಾವನದ್ದು, ಗಾಣ ಆ ಜಾತ್ರೆಯ ಹುಡುಗನದ್ದು, ಬೀಜ ಮತ್ತು ಹಿಂಡಿಯ ಎದುರು ಅಕ್ಕನ ಹೆಸರು. ಹೋದ ಸಲ ಪಕ್ಕದ ಮನೆಯವರ ಹಸುವಿಗೆಂದು ಎರಡು ಕೆಜಿ ಹಿಂಡಿ ಕೇಳಿದೆ. ಅಕ್ಕ ತೂಗಿದಳು, ನನ್ನ ಕೈಯಿಂದ ನೂರರ ನೋಟು ತೆಗೆದುಕೊಂಡು ಚಿಲ್ಲರೆ ಎಣಿಸಿ ಕೊಟ್ಟಳು, ರಶೀದಿ ಹರಿದು ಮುಂದಿಟ್ಟಳು.